ಎತ್ತಂಗಡಿಯಾಗದ ಅಧಿಕಾರಿ: ಒಬ್ಬ ಸ್ಟಾಪರ್‌ನ ಸಂದರ್ಶನ

ರಾಜಾಜಿನಗರದ ಒಂದು ಮನೆಯ ಕಾರ್ ಶೆಡ್ಡು. ಕಾರು ಬೀದಿಯಲ್ಲಿದೆ, ಶೆಡ್ಡಿನಲ್ಲಿ ಪುಟ್ಟ ಮಿಲ್ಲಿಂಗ್ ಮಷೀನು ಇದೆ. ಪೀಣ್ಯದಲ್ಲಿ ದುಡಿದು ನಿವೃತ್ತರಾದ ಯಜಮಾನರು ಊಟಕ್ಕೆ ಒಳಗೆ ಹೋಗಿದ್ದರು. ನಾವು ಮಾತಾಡಿಸಲು ಹೋಗಿದ್ದು ಮಷೀನನ್ನು. ಅದು ‘ಮೊದಲೇ ಅಪಾಯಿಂಟ್‌ಮೆಂಟ್ ತಗೊಂಡಿದ್ದೀರಾ?’ ಎಂದು ಗುರ್ ಎಂದಿತು. ಡಿಜಿಟಲ್ ರೀಡೌಟು ಬಾಯಿ ಬಿಡೋಣವೆಂದರೆ ಕರೆಂಟಿಲ್ಲ. ವೈಸ್ ಪಕ್ಕಕ್ಕೆ ಬೋಲ್ಟಿನಲ್ಲಿ ಬಿಗಿದಿದ್ದ ಒಂದು ಕಬ್ಬಿಣದ ತುಂಡು ಮಾತ್ರ, ‘ಬನ್ನಿ ಸ್ವಾಮಿ, ನಾನಂತೂ ಎಲ್ಲೂ ಹೋಗಲ್ಲ’ ಎಂದಿತು.

ತಮ್ಮ ಪರಿಚಯ ಹೇಳಿ.

ಸ್ಟಾಪರ್ ಅಂತಾರೆ. ಗುಜರಿಯಲ್ಲಿ ಸಿಕ್ಕಿದ 12 ಮಿ.ಮೀ. ದಪ್ಪದ ಎಂ.ಎಸ್. ಫ್ಲಾಟು. ಒಂದು ಕಡೆ ಉದ್ದಕ್ಕೆ ಸ್ಲಾಟು, ಇನ್ನೊಂದು ಕಡೆ ಎಂ8 ಟ್ಯಾಪ್ ಹೊಡೆದ ತೂತು. ಆ ತೂತಿನಲ್ಲಿ ಒಂದು ಬೋಲ್ಟು, ಅದು ಅಲುಗದಿರಲಿ ಅಂತ ಲಾಕ್ ನಟ್ಟು. ಬೋಲ್ಟಿನ ತಲೆಯನ್ನ ಲೇತ್‌ನಲ್ಲಿ ಗುಂಡಗೆ ಮಾಡಿದ್ದಾರೆ. ಬಯೋಡೇಟಾ ಇಷ್ಟೇ. ಭಾವಚಿತ್ರ ಬೇಕಾದರೆ ತೆಗೆದುಕೊಳ್ಳಿ, ತುಕ್ಕು ಕಾಣದ ಕಡೆಯಿಂದ.

ಏನು ಕೆಲಸ ಮಾಡುತ್ತೀರಿ?

ನಿಂತಿರ್ತೀನಿ.

ಅದೊಂದು ಕೆಲಸವೇ?

ಈ ರಾಜ್ಯದಲ್ಲಿ ಒಂದೇ ಜಾಗದಲ್ಲಿ ಮೂರು ತಿಂಗಳು ನಿಂತ ಅಧಿಕಾರಿಯ ಹೆಸರು ಹೇಳಿ ನೋಡೋಣ. ವಿಷಯಕ್ಕೆ ಬರ್ತೀನಿ. ಯಜಮಾನರಿಗೆ ಇಪ್ಪತ್ತು ಬ್ರಾಕೆಟ್ ಬೇಕು ಅಂದುಕೊಳ್ಳಿ. ಪ್ರತಿಯೊಂದಕ್ಕೂ ಎಡ ಅಂಚಿನಿಂದ 15 ಮಿ.ಮೀ. ದೂರಕ್ಕೆ ಒಂದು ಸ್ಲಾಟು. ನಾನಿಲ್ಲದಿದ್ದರೆ ಇಪ್ಪತ್ತು ಸಲ ಎಡ್ಜ್ ಫೈಂಡರ್ ಹಾಕಿ ಅಂಚು ಹುಡುಕಬೇಕು, ಡಯಲ್ ಝೀರೋ ಮಾಡಬೇಕು, ಹ್ಯಾಂಡಲ್ ತಿರುಗಿಸಬೇಕು, ಸ್ಕ್ರೂ ಸಡಿಲ ಇರೋದರಿಂದ ಪ್ರತಿ ಸಲವೂ ಒಂದೇ ದಿಕ್ಕಿನಿಂದ ಬಂದು ನಿಲ್ಲಬೇಕು. ನಾನಿದ್ದರೆ ಮೊದಲನೇ ಪೀಸಿಗೆ ಮಾತ್ರ ಆ ಪೂಜೆ. ಆಮೇಲೆ ಟೇಬಲನ್ನ ಲಾಕ್ ಮಾಡಿ, ಜಾಬ್ ಒಳಗಿಟ್ಟು ನನಗೆ ತಾಗಿಸಿ, ವೈಸ್ ಬಿಗಿದು, ಕಟ್ ಮಾಡಿ. ಹತ್ತೊಂಬತ್ತು ಸಲ ಅಳತೆ ಹಿಡಿಯೋದು ತಪ್ಪಿತು.

ವೈಸ್‌ನಲ್ಲಿ ಎರಡು ಜಾ ಇವೆ. ನೀವು ಫಿಕ್ಸೆಡ್ ಜಾ ಪಕ್ಷವನ್ನೇ ಏಕೆ ಸೇರಿದಿರಿ?

ಇನ್ನೊಂದರ ಹೆಸರೇ ಮೂವಬಲ್ ಜಾ. ಸರಿಯೋದೇ ಅದರ ಉದ್ಯೋಗ. ಅಷ್ಟೇ ಅಲ್ಲ, ಬಿಗಿ ಮಾಡುವಾಗ ಜಾಬನ್ನೂ ಒಂದಿಷ್ಟು ಮೇಲಕ್ಕೆ ಎತ್ತುತ್ತೆ. ಆಮೇಲೆ ನೈಲಾನ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕು. ತಟ್ಟಿದ ಏಟಿಗೆ ಜಾಬು ನನ್ನಿಂದ ದೂರ ಸರಿದರೂ ಗೊತ್ತಾಗಲ್ಲ. ಅನುಮಾನ ಬಂದರೆ ನಡುವೆ ತೆಳು ಸಿಗರೇಟ್ ಪೇಪರ್ ಇಟ್ಟು ಎಳೆದು ನೋಡೋದು ಹಳೇ ಮೇಸ್ತ್ರಿಗಳ ಪದ್ಧತಿ. ಸಿಕ್ಕಿಕೊಂಡರೆ ಸರಿ, ಜಾರಿ ಬಂದರೆ ಸಡಿಲಿಸಿ ಮತ್ತೆ ಬಿಗಿಯಬೇಕು.

ತಲೆ ಗುಂಡಗೇಕೆ? ಅಗಲವಾಗಿದ್ದರೆ ಗಟ್ಟಿಯಾಗಿ ಕಾಣುತ್ತಿದ್ದಿರಿ.

ಕಾಣ್ತಿದ್ದೆ, ಅಷ್ಟೇ. ಗರಗಸದಲ್ಲಿ ಕೊಯ್ದ ತುದಿ ನೆಟ್ಟಗಿರಲ್ಲ. ಅಗಲ ಮುಖಕ್ಕೆ ಅದು ಒಂದು ಸಲ ಮೇಲಿನ ಮೂಲೆಯಲ್ಲಿ ತಾಗುತ್ತೆ, ಮುಂದಿನ ಸಲ ಕೆಳಗಿನ ಮೂಲೆಯಲ್ಲಿ. ಜೊತೆಗೆ ಅಗಲ ಮುಖ ಅಂದರೆ ಚಿಪ್ಸ್, ಅಂದರೆ ಕಟ್ಟರ್ ಕೆತ್ತಿದ ಲೋಹದ ಚೂರು, ಕೂರೋದಕ್ಕೆ ಅಗಲವಾದ ಜಾಗ. ನನ್ನದು ಒಂದು ಬಿಂದು. ಜಾಬಿನ ಅಡಿಗೆ ಮೂರು ಬಿಂದು, ಅದು ಕೆಳಗಿಡೋ ಪಟ್ಟಿಗಳ, ಅಂದರೆ ಪ್ಯಾರಲಲ್‌ಗಳ ಇಲಾಖೆ. ಬೆನ್ನಿಗೆ ಎರಡು, ಅದು ಫಿಕ್ಸೆಡ್ ಜಾ. ಪಕ್ಕಕ್ಕೆ ಒಂದು, ನಾನು. ಒಟ್ಟು ಆರು ಹುದ್ದೆ. ಏಳನೆಯದನ್ನ ಸೃಷ್ಟಿಸಿದರೆ ಸಂಪುಟ ವಿಸ್ತರಣೆ ಆಗುತ್ತೆ, ಕೆಲಸ ಕೆಡುತ್ತೆ. ಇನ್ನೊಂದು ವಿಷಯ: ಜಾಬನ್ನ ಹಿಡಿಯೋದು ವೈಸ್ ಕೆಲಸ, ನನ್ನದಲ್ಲ. ಎಷ್ಟೋ ಜನ ಸಡಿಲ ಬಿಗಿದು ‘ಸ್ಟಾಪರ್ ಇದೆಯಲ್ಲ’ ಅಂತ ಕಟ್ಟರ್ ನುಗ್ಗಿಸ್ತಾರೆ.

ನೇರವಾಗಿ ಕೇಳುತ್ತೇವೆ. ಒತ್ತಡಕ್ಕೆ ಮಣಿಯುತ್ತೀರಾ?

ಮಣಿಯುತ್ತೀನಿ.

ಇಷ್ಟು ಬೇಗ ಒಪ್ಪಿಕೊಂಡಿರಿ!

ಕಬ್ಬಿಣ ಸ್ವಾಮಿ, ಕಲ್ಲಲ್ಲ. ಕಲ್ಲೂ ಬಗ್ಗುತ್ತೆ. ಬೆರಳಲ್ಲಿ ಮೆಲ್ಲಗೆ ತಾಗಿಸಿದರೆ ಒಂದು ಲೆಕ್ಕ, ಅಂಗೈಯಲ್ಲಿ ಗುದ್ದಿದರೆ ಇನ್ನೊಂದು. ತೋಳು ಉದ್ದವಿದ್ದಷ್ಟೂ ಹೆಚ್ಚು ಬಗ್ಗುತ್ತೀನಿ, ಅದಕ್ಕೇ ನನ್ನನ್ನ ಮೋಟಾಗಿ ಮಾಡಬೇಕು. ಪ್ರತಿ ಸಲ ಒಂದೇ ಒತ್ತಡ ಹಾಕಿ, ಪ್ರತಿ ಸಲ ಒಂದೇ ಥರ ಬಗ್ಗಿ ಒಂದೇ ಉತ್ತರ ಕೊಡ್ತೀನಿ. ನನ್ನ ಭಾವಮೈದ ಮ್ಯಾಗ್ನೆಟ್ ಬೇಸ್ ಇದ್ದಾನೆ. ‘ನಾನು ಯಾರಿಗೂ ಬಗ್ಗಲ್ಲ’ ಅಂತ ಭಾಷಣ ಹೊಡೀತಾನೆ. ನಿಜ, ಬಗ್ಗಲ್ಲ. ಪಕ್ಕಕ್ಕೆ ತಳ್ಳಿದರೆ ಇಡೀ ಆಸಾಮಿಯೇ ಜಾರ್ತಾನೆ.

ನಿಮ್ಮ ಮೇಲೊಂದು ದೂರಿದೆ. 15 ಮಿ.ಮೀ. ಬರಬೇಕಾದ ಜಾಗದಲ್ಲಿ ಒಂದು ಪೀಸು 14.7 ಬಂದಿದೆ.

ತನಿಖೆ ಮುಗಿದಿದೆ. ಸಮಿತಿಯಲ್ಲಿ ಯಜಮಾನರು, ಅವರ ವರ್ನಿಯರ್, ಮತ್ತೆ ಕಾಫಿ ಕುಡಿಯಲು ಬಂದ ಪಕ್ಕದ ಮನೆಯವರು. ಸಡಿಲ ಸ್ಕ್ರೂ, ವೋಲ್ಟೇಜು, ಕೊನೆಗೆ ನನ್ನ ಗುಜರಿ ಮೂಲ, ಎಲ್ಲ ಚರ್ಚೆಯಾಯಿತು. ನಡೆದದ್ದು ಇಷ್ಟು: 0.3 ಮಿ.ಮೀ. ದಪ್ಪದ ಒಂದು ಚಿಪ್ ನನಗೂ ಜಾಬಿಗೂ ನಡುವೆ ಬಂದು ಕೂತಿತ್ತು. ವಿಚಾರಣೆ ಶುರುವಾಗೋ ಮುಂಚೆಯೇ ಗುಡಿಸಿ ಹಾಕಿದರು. ಸಾಕ್ಷ್ಯ ಕಸದ ಬುಟ್ಟಿಯಲ್ಲಿ, ಆರೋಪಿ ಸ್ಥಾನದಲ್ಲಿ ನಾನು. ಬರ್ ಕೂಡ ಇದೇ ಜಾತಿ. ಫೈಲ್ ಹೊಡೆಯದ ಅಂಚು ತಂದು ತಾಗಿಸಿದರೆ ನಾನು ಅಳೆಯೋದು ಜಾಬನ್ನಲ್ಲ, ಅದರ ಗಡ್ಡವನ್ನ.

ಅದು ಒಂದು ಪೀಸು. ಇನ್ನೊಂದು ಬ್ಯಾಚ್ ಪೂರ್ತಿ ಗುಜರಿಗೆ ಹೋಯಿತಂತೆ?

(ಸ್ವಲ್ಪ ಹೊತ್ತು ಸುಮ್ಮನಿದ್ದು) ಹೋಯಿತು. 10 ಮಿ.ಮೀ. ಎಡ್ಜ್ ಫೈಂಡರಿನ ಅರ್ಧ ವ್ಯಾಸ ಲೆಕ್ಕಕ್ಕೆ ಹಿಡಿಯೋದು ಮರೆತರು. ಇಪ್ಪತ್ತೂ 5 ಮಿ.ಮೀ. ತಪ್ಪು. ಆದರೆ ಸ್ವಾಮಿ, ಒಂದರ ಮೇಲೊಂದು ಜೋಡಿಸಿ ನೋಡಬೇಕಿತ್ತು, ಕೂದಲೆಳೆ ವ್ಯತ್ಯಾಸ ಇರಲಿಲ್ಲ! ಯಜಮಾನರು ಹತ್ತು ನಿಮಿಷ ಹೆಮ್ಮೆಯಿಂದ ನೋಡಿದರು, ಆಮೇಲೆ ಡ್ರಾಯಿಂಗ್ ನೋಡಿದರು.

ನಿಮಗೆ ಪಶ್ಚಾತ್ತಾಪವಿಲ್ಲವೇ?

ಯಾತಕ್ಕೆ? ನನ್ನ ನೇಮಕಾತಿ ಆದೇಶದಲ್ಲಿ ‘ಸರಿಯಾಗಿ ಮಾಡು’ ಅಂತ ಎಲ್ಲೂ ಇಲ್ಲ. ‘ಹಿಂದಿನದರ ಹಾಗೇ ಮಾಡು’ ಅಂತಷ್ಟೇ ಇರೋದು. ವಿಧಾನಸೌಧದಲ್ಲಿ ಇದನ್ನ ಪೂರ್ವನಿದರ್ಶನ ಅಂತಾರೆ, ಅದರ ಮೇಲೆ ಪ್ರಮೋಷನ್ ಕೊಡ್ತಾರೆ. ಮೊದಲನೇ ಪೀಸನ್ನ ಅಳೆದು ನೋಡದೆ ಎರಡನೆಯದನ್ನ ಹಾಕಿದವರನ್ನ ಹೋಗಿ ಕೇಳಿ.

ನಿಮ್ಮ ವಂಶದ ಬಗ್ಗೆ ಹೇಳಿ.

ಆ ಕಥೆಯಲ್ಲಿ ಟೆಂಡರ್ ಇದೆ, ನಿಮಗೆ ರುಚಿಸುತ್ತೆ. ಅಮೆರಿಕದ ಈಲೈ ವಿಟ್ನಿ 1798ರಲ್ಲಿ ಸರ್ಕಾರಕ್ಕೆ 10,000 ಕೋವಿ ಮಾಡಿಕೊಡ್ತೀನಿ ಅಂತ ಕರಾರು ಮಾಡಿಕೊಂಡ. ಗಡುವು ಎರಡು ವರ್ಷ ಚಿಲ್ಲರೆ. 1801 ಬಂದರೂ ಕೋವಿ ಇಲ್ಲ. ವಾಷಿಂಗ್ಟನ್‌ಗೆ ಹೋಗಿ ಜೆಫರ್ಸನ್‌ರಂಥ ದೊಡ್ಡವರ ಮುಂದೆ ಪ್ರದರ್ಶನ ಕೊಟ್ಟ: ಬಿಡಿಭಾಗಗಳ ರಾಶಿಯಿಂದ ಯಾವುದನ್ನ ಎತ್ತಿಕೊಂಡರೂ ಕೂರುತ್ತೆ ಅಂತ. ಚಪ್ಪಾಳೆಯೋ ಚಪ್ಪಾಳೆ. ಕರಾರು ಮುಗಿದದ್ದು 1809ಕ್ಕೆ. ಉಳಿದಿರೋ ಕೋವಿಗಳನ್ನ ಇತಿಹಾಸಕಾರರು ಆಮೇಲೆ ಬಿಚ್ಚಿ ನೋಡಿದರೆ, ಒಂದರ ಭಾಗ ಇನ್ನೊಂದಕ್ಕೆ ಕೂರ್ತಾ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಹೆಸರು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತ್ತು.

ನಮ್ಮ ಮೂಲಪುರುಷ ಅವನಲ್ಲ, ಜಾನ್ ಹಾಲ್. 1820ರ ದಶಕದಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದಲ್ಲಿ ಕೂತು ನಿಜವಾಗಿ ಅದಲುಬದಲಾಗೋ ಕೋವಿ ಭಾಗಗಳನ್ನ ಮಾಡಿ ತೋರಿಸಿದವನು. ಅವನ ಗುಟ್ಟು ಬಹಳ ಸರಳ: ಪ್ರತಿ ಭಾಗಕ್ಕೂ ಒಂದೇ ಒಂದು ಆಧಾರ ಬಿಂದು ಗೊತ್ತು ಮಾಡು, ಎಲ್ಲ ಕಟ್ಟನ್ನೂ ಎಲ್ಲ ಅಳತೆಯನ್ನೂ ಅಲ್ಲಿಂದಲೇ ಹಿಡಿ. ಹಿಂದಿನ ಕಟ್ಟಿನ ಅಂಚಿನಿಂದ ಮುಂದಿನದನ್ನ ಅಳೀತಾ ಹೋದರೆ ಪ್ರತಿ ತಪ್ಪೂ ಮುಂದಿನ ತಪ್ಪಿಗೆ ಸೇರಿಕೊಳ್ಳುತ್ತೆ. ಈ ಶೆಡ್ಡಿನಲ್ಲೂ ಅದೇ ನಿಯಮ. ಮೊದಲು ಜಾಬಿನ ಒಂದು ತುದಿಯನ್ನ ಫೇಸ್ ಮಾಡಿ ನೆಟ್ಟಗೆ ಮಾಡಿ, ಆ ತುದಿಯನ್ನೇ ಕೊನೇವರೆಗೂ ನನಗೆ ತೋರಿಸಿ. ನಡುವೆ ತಿರುಗಿಸಿ ಇನ್ನೊಂದು ತುದಿ ತಾಗಿಸಿದಿರೋ, ಜಾಬಿನ ಉದ್ದದಲ್ಲಿರೋ ಹೆಚ್ಚುಕಮ್ಮಿಯೆಲ್ಲ ಸ್ಲಾಟಿನ ಜಾಗಕ್ಕೆ ಬಂದು ಸೇರುತ್ತೆ.

ಸಿಎನ್‌ಸಿ ಬಂದ ಮೇಲೆ ನಿಮ್ಮ ಕಾಲ ಮುಗಿಯಿತಲ್ಲವೇ?

ಪೀಣ್ಯಕ್ಕೆ ಹೋಗಿ ಯಾವ ಸಿಎನ್‌ಸಿ ಮಷೀನಿನ ಬಾಗಿಲು ಬೇಕಾದರೂ ತೆಗೆದು, ವೈಸ್ ಪಕ್ಕ ಬಗ್ಗಿ ನೋಡಿ. ಜಿ54 ಅಂತ ಕಂಪ್ಯೂಟರಿಗೆ ಝೀರೋ ಹೇಳಿಕೊಟ್ಟಿರ್ತಾರೆ. ಆದರೆ ಜಾಬು ತಾನಾಗಿ ನಡೆದು ಬಂದು ಆ ಝೀರೋದಲ್ಲಿ ಕೂರಲ್ಲವಲ್ಲ. ಅಲ್ಲೂ ನಮ್ಮವರೇ ಯಾರೋ ಒಬ್ಬರು ನಿಂತಿರ್ತಾರೆ.

ತಲೆಯ ಮೇಲೆ ಆ ಗಾಯ?

ಕರ್ತವ್ಯದ ವೇಳೆ ಆದದ್ದು. ಯಜಮಾನರು ನನ್ನನ್ನ ಜಾಬಿನ ಮೇಲ್ಮಟ್ಟಕ್ಕೇ ಎತ್ತಿ ಕಟ್ಟಿದ್ದರು, ಎಂಡ್ ಮಿಲ್ ಬಂದು ಹೊಡೀತು. ನನಗೆ ಇಷ್ಟೇ ಆಯಿತು, ಎಂಡ್ ಮಿಲ್ಲಿನ ಎರಡು ಹಲ್ಲು ಹೋದವು. ಬರ್‌ಗಿಂತ ಮೇಲೆ, ಕಟ್ಟರ್‌ಗಿಂತ ಕೆಳಗೆ ನನ್ನ ಜಾಗ. ಸ್ಲಾಟು ಕೊಟ್ಟಿರೋದೇ ಅದನ್ನ ಹೊಂದಿಸಲಿ ಅಂತ. ಪರಿಹಾರಕ್ಕೆ ಅರ್ಜಿ ಹಾಕಿದೆ. ‘ಎಂ8 ಬೋಲ್ಟ್ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ’ ಅಂತ ಹಿಂಬರಹ ಬಂತು.

ಕೊನೆಯದಾಗಿ, ಓದುಗರಿಗೆ ಏನು ಹೇಳುತ್ತೀರಿ?

ಅಂಗಡಿಯಲ್ಲಿ ಹೊಳೆಯೋ ಸ್ಟಾಪರ್ ಹುಡುಕ್ತಾ ಅಲೆಯಬೇಡಿ, ಮನೆಯಲ್ಲಿರೋ ತುಂಡಿಗೇ ಟ್ಯಾಪ್ ಹೊಡೆದುಕೊಳ್ಳಿ. ಒಂದೊಂದು ಜಾಬಿಗೂ ಮುಂಚೆ ನನ್ನ ಮೂತಿ, ಜಾ, ಪ್ಯಾರಲಲ್ ಮೂರನ್ನೂ ಬ್ರಷ್ಷಿನಲ್ಲಿ ಒರೆಸಿ. ಬಾಯಲ್ಲಿ ಊದಬೇಡಿ, ಚಿಪ್ಸ್ ಕಣ್ಣಿಗೇ ಬರುತ್ತೆ. ಸ್ಪಿಂಡಲ್ ಪೂರ್ತಿ ನಿಂತ ಮೇಲೆಯೇ ಕೈ ಒಳಗೆ ಹಾಕಿ. ನಿಮ್ಮ ಬೆರಳಿಗೆ ಲಾಕ್ ನಟ್ಟು ಇರಲ್ಲ.