ಚಪ್ಪಲಿ ವಿಭಾಗದ ಮುಖ್ಯಸ್ಥ

ನಮ್ಮಜ್ಜಿಯ ಕಣ್ಣಿನ ಪೊರೆ ತೆಗೆದವರು ಡಾ. ಎಂ.ಸಿ. ಮೋದಿ. ಊರೂರು ಸುತ್ತಿ ಶಿಬಿರ ನಡೆಸಿ, ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿ ದಾಖಲೆ ಬರೆದ ಆ ಮಹಾನುಭಾವರ ಎದುರು ಅಜ್ಜಿ ಮಲಗಿದ್ದು ಕೆಲವೇ ನಿಮಿಷ. ಆದರೆ ಅಷ್ಟರಿಂದಲೇ ನೇತ್ರಚಿಕಿತ್ಸೆ ನಮ್ಮ ಮನೆತನದ ವಿದ್ಯೆ ಎಂಬ ಭಾವನೆ ವಂಶದಲ್ಲಿ ಇಳಿದು ಬಂದಿದೆ. ಹೀಗಾಗಿ ನೇಪಾಳದ ಹಳ್ಳಿಗೆ ಹೊರಟಿದ್ದ ಕಣ್ಣಿನ ತಂಡವೊಂದಕ್ಕೆ ಸ್ವಯಂಸೇವಕರು ಬೇಕಂತೆ ಎಂದು ಗೊತ್ತಾದಾಗ, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾಗಿದ್ದ ನಾನು ಹಿಂದೆಮುಂದೆ ನೋಡಲಿಲ್ಲ. ಮನೆಯಲ್ಲಿ ನಿಂಬೆಹಣ್ಣು ಹೆಚ್ಚಲೂ ನನ್ನನ್ನು ಬಿಡದ ಹೆಂಡತಿ, "ಅಲ್ಲಿ ಚಾಕುಗೀಕು ಮುಟ್ಟಬೇಡಿ ಅಂದ್ರೆ" ಎಂದಷ್ಟೇ ಹೇಳಿ ಕಳಿಸಿಕೊಟ್ಟಳು.

ಅಲ್ಲಿನ ಕಣ್ಣಿನ ವೈದ್ಯರಿಗೆಲ್ಲ ಡಾ. ಸಂದೂಕ್ ರುಯಿತ್ ಗುರುಸಮಾನರು. ಹೊಲಿಗೆಯೇ ಬೇಡದಷ್ಟು ಸಣ್ಣ ಗಾಯ ಮಾಡಿ ಪೊರೆ ತೆಗೆಯುವ ವಿಧಾನವನ್ನು ಹಳ್ಳಿಹಳ್ಳಿಗೆ ಒಯ್ದವರು. 1994ರಲ್ಲಿ ಕಠ್ಮಂಡುವಿನಲ್ಲಿ ಶುರುವಾದ ಅವರ ತಿಲ್‌ಗಂಗಾ ಸಂಸ್ಥೆ ಲೆನ್ಸನ್ನೂ ತಾನೇ ತಯಾರಿಸಿ, ನೂರು ಡಾಲರ್ ದಾಟಿದ್ದ ಬೆಲೆಯನ್ನು ಕೆಲವೇ ಡಾಲರಿಗೆ ಇಳಿಸಿತು. ಪಳಗಿದ ಕೈಗೆ ಒಂದು ಕಣ್ಣಿಗೆ ಹತ್ತು ನಿಮಿಷವೂ ಬೇಡ. ಇಂಥ ವೇಗದ ವ್ಯವಸ್ಥೆಯನ್ನು ತಡೆದು ನಿಲ್ಲಿಸಲು ಯಾರಾದರೂ ಒಬ್ಬರು ಬೇಕಲ್ಲ. ಬೆಂಗಳೂರಿನಿಂದ ನಾನು ಹೋದೆ.

ಶಿಬಿರ ಇದ್ದದ್ದು ಸಿಂಧುಪಾಲ್ಚೋಕ್ ಜಿಲ್ಲೆಯ ಬೆಟ್ಟದೂರಿನಲ್ಲಿ, 2015ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಶಾಲೆಯಲ್ಲಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ನನ್ನ ಎಚ್‌ಎಂಟಿ ಗಡಿಯಾರ ಮಾತ್ರ ಭಾರತದ ಸಮಯಕ್ಕೇ ನಿಷ್ಠವಾಗಿತ್ತು. ತಂಡದ ಸಭೆಯಲ್ಲಿ ಸಮಯಪಾಲನೆಯ ಬಗ್ಗೆ ನಾಲ್ಕು ಮಾತಾಡೋಣವೆಂದು ಠೀವಿಯಿಂದ ಒಳಗೆ ಹೋದಾಗ ಸಭೆ ಮುಗಿದು ಎಲ್ಲರೂ ಲೋಟ ತೊಳೆಯುತ್ತಿದ್ದರು.

ಬ್ಯಾಂಕಿನವನೆಂದು ನೋಂದಣಿ ಮೇಜು ಕೊಟ್ಟರು. ಸಾಲ ಕೇಳಲು ಬಂದವರ ಜಾತಕ ಜಾಲಾಡಿದ ಕೈ. ಗುರುತಿನ ಚೀಟಿ ನೋಡಿ ಹುಟ್ಟಿದ ಇಸವಿ ಹಿಡಿದು ವಯಸ್ಸು ಲೆಕ್ಕ ಹಾಕಿ ಮುತ್ತಿನಂಥ ಅಕ್ಷರದಲ್ಲಿ ತುಂಬಿಸುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ವೈದ್ಯೆ ಕಡತ ಹಿಡಿದು ಬಂದರು. "ಸರ್, ಈ ಊರಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯರಿಗೆಲ್ಲ ಪೊರೆ ಬಂದಿದೆಯಲ್ಲ!" ನೇಪಾಳದಲ್ಲಿ ನಡೆಯುವುದು ವಿಕ್ರಮ ಸಂವತ್, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. 2005ರಲ್ಲಿ ಹುಟ್ಟಿದ ಹುಡುಗಿ ಎಂದರೆ ನಮ್ಮ 1948ರ ಅಜ್ಜಿ. ಬೊಚ್ಚುಬಾಯಿಯ ತರುಣಿಯರು ಎದುರಿಗೇ ಸಾಲಾಗಿ ಕೂತಿದ್ದರೂ ನನಗೆ ಅನುಮಾನ ಬಂದಿರಲಿಲ್ಲ. ದಾಖಲೆ ಸರಿಯಿದ್ದರೆ ಮುಖ ನೋಡಬಾರದು ಎಂಬುದು ನಮ್ಮ ಬ್ಯಾಂಕಿನ ಶಿಸ್ತು.

ಬಡ್ತಿ ಎಂದು ಹೇಳಿ ನನ್ನನ್ನು ಹೊರಸಂಚಾರಕ್ಕೆ ಹಾಕಿದರು. ಮೇಲಿನ ಕೇರಿಯಿಂದ ರೋಗಿಗಳನ್ನು ಕರೆತರಬೇಕು. ಜೊತೆಗೆ ಊರಿನ ಆರೋಗ್ಯ ಸ್ವಯಂಸೇವಿಕೆ ದೀದಿ. 1988ರಿಂದ ನೇಪಾಳದ ಹಳ್ಳಿಗಳ ಆರೋಗ್ಯ ನಿಂತಿರುವುದೇ ಇಂಥ ಸುಮಾರು ಐವತ್ತು ಸಾವಿರ ಹೆಂಗಸರ ಕಾಲಿನ ಮೇಲೆ. ನನ್ನದು ಮಾತ್ರ ಮೊದಲ ತಿರುವಿನಲ್ಲೇ ಮುಷ್ಕರ ಹೂಡಿತು. ದೀದಿ ಮೇಲೆ ಹತ್ತಿ, ಮನೆಮನೆ ಕೂಗಿ, ಒಬ್ಬ ಅಜ್ಜನನ್ನು ಹುಡುಕಿ ಇಳಿಸಿಕೊಂಡು ಬಂದರೂ ನಾನು ಅದೇ ಕಲ್ಲಿನ ಮೇಲೆ ಏದುಸಿರು ಬಿಡುತ್ತಿದ್ದೆ. ಎರಡೂ ಕಣ್ಣಿಗೆ ಪೊರೆ ಕವಿದ ಆ ಅಜ್ಜನೇ ನನ್ನ ಕೈ ಹಿಡಿದು, "ಬಿಸ್ತಾರೈ, ಬಾಬು, ಬಿಸ್ತಾರೈ" ಎನ್ನುತ್ತಾ ನಿಧಾನವಾಗಿ ಶಿಬಿರಕ್ಕೆ ತಲುಪಿಸಿದ. ಬಾಗಿಲಲ್ಲಿದ್ದ ಹುಡುಗ ಅವನಿಗೆ ನಮಸ್ಕರಿಸಿ, ನನ್ನನ್ನು ರೋಗಿಗಳ ಬೆಂಚಿನಲ್ಲಿ ಕೂರಿಸಿದ.

ಕೊನೆಗೆ ಕೊಟ್ಟದ್ದು ಚಪ್ಪಲಿ ವಿಭಾಗ. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬಿಟ್ಟುಹೋದವನ್ನು ನೋಡಿಕೊಂಡರೆ ಸಾಕು, ಏನೂ ಮಾಡಬೇಡಿ ಎಂದರು. ಏನೂ ಮಾಡದಿರುವುದು ನನ್ನಿಂದಾಗದು. ಅಡ್ಡಾದಿಡ್ಡಿ ಬಿದ್ದಿದ್ದ ನೀಲಿ ಹವಾಯಿ ಚಪ್ಪಲಿಗಳನ್ನೆಲ್ಲ ಅಳತೆಯ ಪ್ರಕಾರ ಜೋಡಿಸಿ, ಸಾಲು ಸರಿಪಡಿಸಿ, ದೂರ ನಿಂತು ಸಂತೋಷಪಟ್ಟೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದವರು ತಾವು ಬಿಟ್ಟ ಜಾಗವನ್ನು ಕಾಲಿನಿಂದ ತಡವಿ, ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋದರು. ಮೇಲಿನ ಕೇರಿಯ ಅಜ್ಜನಿಗೆ ಯಾವುದೂ ಹಿಡಿಯದೆ ನನ್ನ ಶೂ ಕೊಟ್ಟೆ. ಅವು ಅವನಿಗಾಗಿಯೇ ಹೊಲಿಸಿದಂತಿದ್ದವು. ನನಗೆ ಉಳಿದದ್ದು ಅರ್ಧ ಹಿಮ್ಮಡಿ ಹೊರಗಿರುವ ಒಂದು ಜೊತೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವ ಶುಭಮುಹೂರ್ತ. ಲೋಕವನ್ನು ಮತ್ತೆ ಕಾಣುವವರಿಗೆ ಮೊದಲು ನನ್ನ ಪ್ರಸನ್ನ ಮುಖ ಕಾಣಲಿ ಎಂದು ಅಂಗಳದ ಆ ತುದಿಯಲ್ಲಿ ತಲೆ ಬಾಚಿಕೊಂಡು ನಿಂತೆ. ಮೊದಲ ಅಜ್ಜಿ ಕಣ್ಣು ಪಿಳುಕಿಸಿ ನನ್ನನ್ನು ದಿಟ್ಟಿಸಿದಳು. ನೋಟ ಮುಖದಲ್ಲಿ ಕ್ಷಣವೂ ನಿಲ್ಲದೆ ಸೀದಾ ಪಾದಕ್ಕಿಳಿಯಿತು.

"ಅವು ನನ್ನವು! ಎಡಗಾಲಿನದಕ್ಕೆ ಸೇಫ್ಟಿಪಿನ್ನು ಹಾಕಿದ್ದೇನೆ ನೋಡು!"

ಅಷ್ಟು ದೂರದಿಂದ ಸೇಫ್ಟಿಪಿನ್ನು ಕಂಡಿತೆಂದು ಶಿಬಿರಕ್ಕೆ ಶಿಬಿರವೇ ಚಪ್ಪಾಳೆ ತಟ್ಟಿತು. ವೈದ್ಯೆ ಕಣ್ಣು ಪರೀಕ್ಷೆಯ ಚಾರ್ಟನ್ನು ಸುರುಳಿ ಸುತ್ತಿಟ್ಟು, ಮಿಕ್ಕವರ ಪಟ್ಟಿ ಬಿಚ್ಚುವ ತನಕ ಅಲ್ಲಿಂದ ಕದಲಬೇಡಿ ಎಂದು ನನಗೆ ಅಪ್ಪಣೆ ಕೊಟ್ಟರು. ದೀದಿ ಒಂದೊಂದೇ ಜೊತೆ ತಂದು ನನ್ನ ಕಾಲಿಗೆ ತೊಡಿಸುತ್ತಾ ಹೋದಳು. ನೇತ್ರವಿಭಾಗದಲ್ಲಿ ನನಗೊಂದು ಹುದ್ದೆ ಸಿಕ್ಕಿದ ಸುದ್ದಿಯನ್ನು ಅಂದೇ ಹೆಂಡತಿಗೆ ಫೋನ್ ಮಾಡಿ ತಿಳಿಸಿದೆ. ಹುದ್ದೆಯ ವಿವರ ಹೇಳಲಿಲ್ಲ.