ಜೇಡನ ಡಬ್ಬಿ

ಅಕ್ಕಾ, ಆ ಡಬ್ಬಿ ಬೇಲಿ ಮೇಲಿಂದ ಸ್ವಲ್ಪ ಈ ಕಡೆ ಕೊಡಿ, ನೋಡೋಣ. ಜೇಡ ಊಟ ಬಿಟ್ಟಿದೆ, ರಾತ್ರಿಯೆಲ್ಲ ಗೋಡೆ ಹತ್ತಿ ಇಳೀತಿದೆ, ಹುಷಾರಿಲ್ವಾ ಅಂತ ನಿಮ್ಮ ಮಗ ಬೆಳಿಗ್ಗೆಯೇ ಕೇಳಿದ. ಹುಷಾರಾಗೇ ಇದೆ. ಬಾಯಿ ಪಕ್ಕ ಎರಡು ಪುಟ್ಟ ಕೈ ಕಾಣ್ತಿದ್ಯಲ್ಲ, ಅವುಗಳ ತುದಿ ನೋಡಿ. ಪೊರೆ ಬಿಡೋಕೆ ಮುಂಚೆ ಸಣ್ಣಕ್ಕಿತ್ತು, ಈಗ ಮಲ್ಲಿಗೆ ಮೊಗ್ಗಿನ ಹಾಗೆ ಉಬ್ಬಿದೆ. ಅಂದ್ರೆ ಇದು ಗಂಡು, ವಯಸ್ಸಿಗೆ ಬಂದಿದೆ. ಸಣ್ಣದೊಂದು ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಅದನ್ನ ಆ ತುದಿಗಳಿಗೆ ಹೀರಿಕೊಂಡು ಹೆಣ್ಣು ಹುಡುಕೋಕೆ ಹೊರಡುತ್ತೆ. ಇನ್ನು ಬೆಳೆಯೋದಿಲ್ಲ, ಪೊರೆಯೂ ಬಿಡಲ್ಲ. ಉಳಿದಿರೋ ಆಯುಷ್ಯ ಕಮ್ಮಿ. ಅದನ್ನ ಪ್ಲಾಸ್ಟಿಕ್ ಗೋಡೆ ಕೆರೆಯುತ್ತಾ ಕಳೀಬೇಕಾ, ನೀವೇ ಹೇಳಿ.

ಹೆಣ್ಣಾಗಿದ್ರೆ ಇನ್ನೂ ಸ್ವಲ್ಪ ಕಾಲ ಇಟ್ಟುಕೊಳ್ಳಲಿ ಅಂತಿದ್ದೆ. ಇದನ್ನ ಮಾತ್ರ ಬಿಟ್ಟುಬಿಡಿ.

ಸಾಕಿದ ಜೀವ ಹೊರಗೆ ಬದುಕುತ್ತಾ ಅನ್ನೋ ಚಿಂತೆ ಬೇಡ. ಜೇಡಕ್ಕೆ ಬೇಟೆ ಯಾರೂ ಕಲಿಸಬೇಕಾಗಿಲ್ಲ, ಇಷ್ಟು ದಿನ ಜೀವಂತ ಜಿರಳೆಯನ್ನೇ ಹಿಡಿದು ತಿಂದಿದೆ. ಹಲ್ಲಿ ಹಿಡೀಬಹುದು, ಕಣಜ ಕುಟುಕಿ ಎಳಕೊಂಡು ಹೋಗಬಹುದು, ಅದನ್ನ ಇಲ್ಲ ಅನ್ನಲ್ಲ. ಆದ್ರೂ ಒಂದು ಹೆಣ್ಣು ಸಿಕ್ಕರೆ ಸಾಕಲ್ಲ.

ಭಾವ ಕುಕ್ಕರಹಳ್ಳಿ ಕೆರೆ ಹತ್ರ ಮರಗಳ ಮಧ್ಯೆ ಬಿಟ್ಟು ಬರ್ತೀನಿ ಅಂದ್ರಂತೆ. ಖಂಡಿತ ಬೇಡ. ಇದು ಬಲೆ ಕಟ್ಟಿ ಕಾಯೋ ಜೇಡ ಅಲ್ಲ, ಕತ್ತಲಲ್ಲಿ ಓಡಾಡಿ ಜಿರಳೆ ಹಿಡಿಯೋದು. 1767ರಲ್ಲೇ ಲಿನ್ನೇಯಸ್ ಹೆಸರಿಟ್ಟ ಹೆಟೆರೊಪೋಡ ವೆನಟೋರಿಯ. ಮನುಷ್ಯರ ಸರಕು, ಹಡಗು ಹಿಡಿದು ಬಿಸಿ ಸೀಮೆಯ ದೇಶಗಳಿಗೆಲ್ಲ ಹಬ್ಬಿರೋ ಜಾತಿ. ಇದಕ್ಕೆ ಕಾಡು ಅಂದ್ರೆ ನಿಮ್ಮ ಬಚ್ಚಲ ಹಿಂದಿನ ಸೌದೆ ಷೆಡ್ಡೇ. ಮರಿಯಾಗಿದ್ದಾಗ ಸಿಕ್ಕಿದ್ದೂ ಅಲ್ಲೇ ತಾನೆ? ಮೊನ್ನೆ ತೆಂಗಿನಗರಿ ಎತ್ತುವಾಗ ಅಲ್ಲೊಂದು ಹೆಣ್ಣು ನೋಡಿದೆ. ದುಂಡಗಿನ ಚಪ್ಪಟೆ ಮೊಟ್ಟೆಚೀಲ ಎದೆಯ ಕೆಳಗೆ ಅವಚಿಕೊಂಡು ಕೂತಿತ್ತು. ಗರಿ ಅಲುಗಾಡಿದ್ರೂ ಬಿಡಲಿಲ್ಲ. ಒಂದು ಚೀಲದಲ್ಲಿ ನೂರಾರು ಮರಿ ಇರುತ್ತೆ ಅಕ್ಕಾ.

ಬೆಂಗಳೂರಲ್ಲಿ ನಿಮ್ಮ ತಮ್ಮನ ಮಗ ಸಾಕಿದಾನಲ್ಲ, ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ, ಅದಕ್ಕೆ ಬಿಟ್ಟುಬಿಡಿ ಅನ್ನೋ ಈ ಮಾತು ಅನ್ವಯಿಸಲ್ಲ. ಅವನಿಗೆ ಇವತ್ತೇ ಫೋನ್ ಮಾಡಿ ಹೇಳಿ, ಯಾವ ಕಾರಣಕ್ಕೂ ಹೊರಗೆ ಬಿಡಕೂಡದು. ಗಂಡಾದ್ರೆ ಕೊನೇ ಪೊರೆ ಬಿಟ್ಟ ಮೇಲೆ ಒಂದು ವರ್ಷ ಆಸುಪಾಸು ಬದುಕುತ್ತೆ, ಹೆಣ್ಣಾದ್ರೆ ಇಪ್ಪತ್ತು ವರ್ಷ ದಾಟುತ್ತೆ. ಇಲ್ಲಿ ಬಿಟ್ಟರೆ ಅದಕ್ಕೂ ಜೊತೆ ಸಿಗಲ್ಲ, ಇಲ್ಲಿನ ಹುಳುಹುಪ್ಪಟೆಗೂ ಒಳ್ಳೇದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹೊರಗಿಂದ ಬಂದ ಒಂದು ಟರಾಂಟುಲಾ ಜಾತಿ ಕಿತ್ತಳೆ ತೋಟದಲ್ಲಿ ಬೇರೂರಿರೋದು 1996ರಲ್ಲಿ ಗೊತ್ತಾಯ್ತು. ಸಾಕಿರೋದು ಗಂಡಾದ್ರೆ, ಹೆಣ್ಣು ಸಾಕಿರೋರ ಕೈಗೆ ಕೊಡಲಿ.

ನಿಮ್ಮದನ್ನ ಮಾತ್ರ ಇವತ್ತೇ ಬಿಡಿ. ಕತ್ತಲಾದ ಮೇಲೆ, ಲೈಟ್ ಹಾಕದೆ, ಡಬ್ಬೀನ ಸೌದೆಗೆ ತಾಗಿಸಿ ಓರೆ ಮಲಗಿಸಿ. ಮುಚ್ಚಳ ಮಗನೇ ತೆಗೀಲಿ. ಅಲುಗಾಡಿಸಿ ಓಡಿಸೋದು ಬೇಡ, ತಾನಾಗೇ ಹೋಗುತ್ತೆ. ಬಿಟ್ಟ ಪೊರೆಗಳನ್ನ ಅವನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳಲಿ, ಕೆಡೋದಿಲ್ಲ. ಆಮೇಲೆ ಮುಖ್ಯವಾದ್ದು, ಜಿರಳೆ ಔಷಧಿ ಹೊಡೆಯೋರು ಶನಿವಾರ ಬರ್ತಾರೆ ಅಂದ್ರಲ್ಲ, ಷೆಡ್ಡಿಗೆ ಬೇಡ, ಅಡುಗೆಮನೆ ಒಂದೇ ಸಾಕು ಅಂತ ಹೇಳಿ. ನಾನೂ ನಮ್ಮ ಕಡೆ ಬೇಡ ಅಂತ ಹೇಳ್ತೀನಿ.