ಎರಡು ಕೆಲಸದ ಇಂಗ್ಲಿಷ್ ಪದ: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ನೀವು ಈಗ ಕೊಂಡಿರುವುದು (ಕೊಂಡದ್ದೇನು ಬಂತು, ಬ್ರಿಟಿಷರು ಬಿಟ್ಟುಹೋದ ಸಾಮಾನಿನ ಜೊತೆ ಪುಕ್ಕಟೆ ಸಿಕ್ಕಿದ್ದು) ನಾಮಪದವಾಗಿಯೂ ಕ್ರಿಯಾಪದವಾಗಿಯೂ ದುಡಿಯುವ ಒಂದು ಇಂಗ್ಲಿಷ್ ಪದ. ಹಗಲು ಸೋಫಾ, ರಾತ್ರಿ ಮಂಚ ಆಗುವ ಪೀಠೋಪಕರಣದ ಹಾಗೆ. ಸೋಫಾಕ್ಕಾದರೆ ಎಳೆಯಲು ಒಂದು ಹಿಡಿ ಇರುತ್ತದೆ. ಇದಕ್ಕೆ ಹಿಡಿ ಇಲ್ಲ, ಸ್ವಿಚ್ಚೂ ಇಲ್ಲ. ವಾಕ್ಯದಲ್ಲಿ ಎಲ್ಲಿ ಕೂತಿದೆ ಎಂದು ನೋಡಿ, ಹೆಸರೋ ಕೆಲಸವೋ ನೀವೇ ತೀರ್ಮಾನಿಸಬೇಕು.

ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಆರನೇ ಕ್ಲಾಸು, ಕನ್ನಡ ಮಾಧ್ಯಮ. ಮೇಷ್ಟ್ರು ಬೋರ್ಡಿನ ಮೇಲೆ 'ಬುಕ್ ಎ ಟಿಕೆಟ್' ಎಂದು ಬರೆದು ಅರ್ಥ ಕೇಳಿದರು. ಬುಕ್ಕು ಎಂದರೆ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. 'ಟಿಕೀಟಿನ ಪುಸ್ತಕ ಸಾರ್' ಎಂದೆ, ಬಸ್ ಕಂಡಕ್ಟರರ ಕೈಯಲ್ಲಿರುತ್ತಿದ್ದ ಬಣ್ಣಬಣ್ಣದ ಕಟ್ಟನ್ನು ನೆನೆದುಕೊಂಡು. ಮೇಷ್ಟ್ರು ಬೈಯಲಿಲ್ಲ. ಅರೆಗಳಿಗೆ ಅವರಿಗೂ ಅದೇ ಸರಿ ಅನ್ನಿಸಿರಬೇಕು.

ಹಿಡಿ ಎಲ್ಲಿ ಹೋಯಿತು

ಹಳೆಯ ಮಾಡೆಲ್‌ನಲ್ಲಿ ಹಿಡಿ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಪ್ರೀತಿ ಎಂದರೆ 'ಲುಫು', ಪ್ರೀತಿಸು ಎನ್ನಲು 'ಲುಫಿಯನ್'. ನಮ್ಮ 'ಇಸು' ಇದ್ದಹಾಗೆ ಅದೂ ಒಂದು ಬಾಲ. ಮುಂದಿನ ಕೆಲವು ಶತಮಾನ ಜನರ ನಾಲಿಗೆಯ ಮೇಲೆ ಉರುಳಿ ಉರುಳಿ ಬಾಲಗಳು ಸವೆದುಹೋದವು, ಎರಡಕ್ಕೂ 'ಲವ್' ಒಂದೇ ಉಳಿಯಿತು. ಅಲ್ಲಿಂದಾಚೆ ಬಾಲವಿಲ್ಲದಿರುವುದನ್ನೇ ಸೌಲಭ್ಯ ಎಂದು ಮಾರುತ್ತಿದ್ದಾರೆ.

ನಮ್ಮಲ್ಲೂ ಇಂಥವು ಇವೆ. ನಗು, ಹಾಡು, ಓದು, ಬಾಳು, ಕೆಮ್ಮು: ಹೆಸರೂ ಹೌದು, ಕೆಲಸವೂ ಹೌದು. ಆದರೆ ಕನ್ನಡದ ಕ್ರಿಯಾಪದ ಬರಿಮೈಯಲ್ಲಿ ಹೊರಗೆ ಬರುವುದು ಯಾರಿಗಾದರೂ ಅಪ್ಪಣೆ ಕೊಡುವಾಗ ಮಾತ್ರ. ಉಳಿದ ಹೊತ್ತಿನಲ್ಲಿ ನಕ್ಕಳು, ನಗುತ್ತಾನೆ, ನಗಲಿ ಎಂದು ಅಂಗಿ ತೊಟ್ಟೇ ಬರುತ್ತದೆ.

ಧ್ವನಿ ಹೊಂದಾಣಿಕೆ

ಕೆಲವು ಮಾಡೆಲ್‌ಗಳಲ್ಲಿ ಒಂದು ಗುಪ್ತ ಸ್ವಿಚ್ಚಿದೆ. ರೆಕಾರ್ಡ್, ಪರ್ಮಿಟ್, ಆಬ್ಜೆಕ್ಟ್: ಮೊದಲ ತುಣುಕನ್ನು ಒತ್ತಿ ಹೇಳಿದರೆ ನಾಮಪದ, ಎರಡನೆಯದನ್ನು ಒತ್ತಿದರೆ ಕ್ರಿಯಾಪದ. ಕನ್ನಡದ ನಾಲಿಗೆಗೆ ಒಂದನ್ನು ಗುದ್ದಿ ಇನ್ನೊಂದನ್ನು ನುಂಗುವ ಅಭ್ಯಾಸವಿಲ್ಲ. ಪಂಕ್ತಿಯಲ್ಲಿ ಕೂತ ಎಲ್ಲ ಅಕ್ಷರಕ್ಕೂ ಸಮನಾಗಿ ಬಡಿಸುತ್ತೇವೆ. ಹಾಗಾಗಿ ಈ ಸ್ವಿಚ್ಚು ನಮ್ಮ ಭಾಗದಲ್ಲಿ ಕೆಲಸ ಮಾಡುವುದಿಲ್ಲ. 'ಪ್ರಾಕ್ಟೀಸ್' ಕೊಂಡವರು ಕಾಗುಣಿತ ಗಮನಿಸಿ: ಬ್ರಿಟಿಷ್ ಮಾಡೆಲ್‌ನಲ್ಲಿ ನಾಮಪದಕ್ಕೆ 'ಸಿ', ಕ್ರಿಯಾಪದಕ್ಕೆ 'ಎಸ್'. ಅಮೆರಿಕದ್ದರಲ್ಲಿ ಎರಡಕ್ಕೂ 'ಸಿ'.

ಎಚ್ಚರಿಕೆ! ಮಕ್ಕಳ ಕೈಗೆ ಸಿಗದಂತೆ ಇಡಿ

'ಡಸ್ಟ್' ಎಂಬುದನ್ನು ಮೇಜಿನ ಮೇಲೆ ಪ್ರಯೋಗಿಸಿದರೆ ಧೂಳು ಹೋಗುತ್ತದೆ. ಕೇಕಿನ ಮೇಲೆ ಪ್ರಯೋಗಿಸಿದರೆ ಸಕ್ಕರೆಪುಡಿ ಬಂದು ಕೂರುತ್ತದೆ. 'ಸೀಡ್' ಹೊಲದಲ್ಲಾದರೆ ಬಿತ್ತು, ಮೆಣಸಿನಕಾಯಿಗಾದರೆ ಬೀಜ ತೆಗೆ. ಹಸುವೊಂದನ್ನು ಎದುರಿಗೆ ನಿಲ್ಲಿಸಿಕೊಂಡು ಪರೀಕ್ಷಿಸಿ: 'ಮಿಲ್ಕ್' ಎಂದರೆ ಹಾಲು ಹೊರಗೆ ಬರುತ್ತದೆ, 'ವಾಟರ್' ಎಂದರೆ ನೀರು ಒಳಗೆ ಹೋಗುತ್ತದೆ. ಒಳಗೋ ಹೊರಗೋ ಎಂದು ಪದದ ಮೈಮೇಲೆ ಎಲ್ಲೂ ಬರೆದಿಲ್ಲ. (ಕನ್ನಡದ 'ಕಳೆ'ಯೂ ಕಡಿಮೆಯದಲ್ಲ: ಹೊಲದ ಕಳೆಯನ್ನು ಕಳೆಯಬೇಕು, ಮುಖದ ಕಳೆಯನ್ನು ಉಳಿಸಿಕೊಳ್ಳಬೇಕು.)

ದೇಹದ ಭಾಗಗಳು ಇನ್ನೂ ಅಪಾಯಕಾರಿ. ಇಂಗ್ಲಿಷಿನಲ್ಲಿ ಬಿಲ್ಲನ್ನು 'ಫುಟ್' ಮಾಡುವವನು ಅದನ್ನು ತುಳಿಯುವುದಿಲ್ಲ, ಪಾಪ, ದುಡ್ಡು ಕೊಡುತ್ತಾನೆ. 'ಹ್ಯಾಂಡ್' ಎಂದರೆ ವಸ್ತುವನ್ನು ನಿಮ್ಮ ಕೈಗೆ ದಾಟಿಸುವುದು. ಅದನ್ನು ಅವಸರದಲ್ಲಿ ಕನ್ನಡಕ್ಕೆ ತಂದು 'ಅವರು ನನಗೆ ಕೈ ಕೊಟ್ಟರು' ಎಂದಿರೋ, ಕೇಳಿದವರು ಎಷ್ಟು ದುಡ್ಡು ಹೋಯಿತು ಎಂದು ವಿಚಾರಿಸುತ್ತಾರೆ.

ಕನ್ನಡ ಅಡಾಪ್ಟರ್

ಇಂಗ್ಲಿಷ್ ಪದದ ಪಿನ್ನು ನಮ್ಮ ಗೋಡೆಯ ತೂತಿಗೆ ನೇರವಾಗಿ ಕೂರುವುದಿಲ್ಲ. ಅದಕ್ಕೇ ಮಾಡು, ಆಗು, ಹಾಕು, ಕೊಡು, ಹೊಡೆ ಎಂಬ ಅಡಾಪ್ಟರುಗಳು. ಇಂಗ್ಲಿಷಿನವರು ಉದುರಿಸಿಕೊಂಡ ಹಿಡಿಯನ್ನು ನಾವು ನಮ್ಮ ಮನೆಯಲ್ಲೇ ಮಾಡಿ ಜೋಡಿಸಿದ್ದೇವೆ. ಫೋನ್ ಮಾಡು, ಸ್ಟಾಂಪ್ ಹಾಕು, ಪೇಂಟ್ ಹೊಡಿ, ಮೆಸೇಜ್ ಹಾಕು. ಆಕ್ಸ್‌ಫರ್ಡ್ ನಿಘಂಟು 2006ರಲ್ಲಿ 'ಗೂಗಲ್' ಅನ್ನು ಕ್ರಿಯಾಪದವೆಂದು ಒಳಗೆ ಬಿಟ್ಟುಕೊಂಡಿತು. ನಮಗೆ ಯಾವ ನಿಘಂಟಿನ ಅಪ್ಪಣೆಯೂ ಬೇಕಿರಲಿಲ್ಲ. ಒಂದು 'ಮಾಡು' ಸಿಕ್ಕಿಸಿದರೆ ಸಾಕು, ಗೂಗಲ್ ಮಾಡು.

ಈ ಸೆಟ್ಟಿನಲ್ಲಿ ನನ್ನ ಮೆಚ್ಚಿನದು 'ಆಗು'. ಒಮ್ಮೆ ಒಂದು ಕಚೇರಿಯಿಂದ ಬಂದ ಕಾರ್ಡಿನಲ್ಲಿ ನನ್ನ ಅಪ್ಪನ ಹೆಸರಿನ ಜಾಗದಲ್ಲಿ ಅಮ್ಮನ ಹೆಸರಿತ್ತು, ಅಮ್ಮನ ಜಾಗ ಖಾಲಿ. ಕೌಂಟರಿನಲ್ಲಿ ತೋರಿಸಿದೆ. ಆತ ಕಾರ್ಡನ್ನು ಬೆಳಕಿಗೆ ಹಿಡಿದು, ಮಳೆ ಬರುತ್ತಿದೆ ಎನ್ನುವ ದನಿಯಲ್ಲಿ, 'ಹೌದು ಸಾರ್, ತಪ್ಪು ಪ್ರಿಂಟ್ ಆಗಿದೆ' ಎಂದ. ಯಾರೂ ಪ್ರಿಂಟ್ ಮಾಡಿರಲಿಲ್ಲ, ಆಗಿತ್ತು. ಸರಿಪಡಿಸಲು ಮಾತ್ರ 'ಅಪ್ಲಿಕೇಷನ್ ಹಾಕಬೇಕು' ಎಂದ, ಮತ್ತು ಹಾಕಬೇಕಾದವನು ನಾನೇ ಎಂಬುದರಲ್ಲಿ ಸಂದೇಹವಿರಲಿಲ್ಲ. 'ಪ್ರಿಂಟ್' ಪದವನ್ನು ಮಾಡಿದವರಿಗೆ ತಮ್ಮ ಮಾಲಿನಲ್ಲಿ ಇಂಥದೊಂದು ಗುಂಡಿ ಇರಬಹುದೆಂದು ಹೊಳೆದೇ ಇರಲಿಲ್ಲ.

ದೂರು ವಿಭಾಗ

ನಾಮಪದವನ್ನು ಕ್ರಿಯಾಪದ ಮಾಡುತ್ತಿದ್ದಾರೆಂದು ಸಿಟ್ಟಾದ ಗ್ರಾಹಕರಲ್ಲಿ ನೀವು ಮೊದಲಿಗರಲ್ಲ. 1789ರ ಡಿಸೆಂಬರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯರು ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು ನೋಟಿಸ್, ಅಡ್ವೊಕೇಟ್, ಪ್ರೋಗ್ರೆಸ್‌ಗಳನ್ನು ಕ್ರಿಯಾಪದವಾಗಿ ಬಳಸುತ್ತಿರುವುದು ಸರಿಯಲ್ಲ, ತಡೆಯಿರಿ ಎಂದು ಕೋರಿದ್ದರು. ಮುಂದಿನ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮೂರೂ ಪದ ಇವತ್ತಿಗೂ ಕ್ರಿಯಾಪದವಾಗಿ ಗಟ್ಟಿಮುಟ್ಟಾಗಿವೆ. ಹಣ ವಾಪಸಿಲ್ಲ.

ಪದೇ ಪದೇ ಬರುವ ತೊಂದರೆ

ಅಡಾಪ್ಟರನ್ನು ಮನೆಯ ಹಿರಿಯರ ಹತ್ತಿರ ಬಳಸುವಾಗ ನಿಧಾನ. ದೂರದೂರಿನಲ್ಲಿರುವ ಮಗನ ಜೊತೆ ನಮ್ಮ ಸೋದರತ್ತೆ ಮಾತಾಡಬೇಕೆಂದು ಕಾದು ಕೂತಿದ್ದರು. ಮೊಮ್ಮಗ ಫೋನು ಹಿಡಿದು ಹಜಾರದಲ್ಲಿ ಸಿಗ್ನಲ್ ಹುಡುಕುತ್ತಿದ್ದವನು ಅಲ್ಲಿಂದಲೇ ಕೂಗಿದ: 'ಅಜ್ಜೀ, ಅಪ್ಪಂದು ಕಾಲ್ ಕಟ್ ಆಯ್ತು!'

ಅತ್ತೆ ಎದ್ದು ನಿಂತರು. 'ಅಯ್ಯೋ ದೇವರೇ! ಯಾವ ಕಾಲೋ?'